ಡಿಎನ್‌ಎ ಹೀಗೇ ನಕಲಾಗುತ್ತದೆ ಅಂತ ಗೊತ್ತಾಗಿದ್ದು ಹೇಗೆ?

ಓದುವ ಹುಡುಗಿ:
ಎಲ್ಲರಿಗೂ ನಮಸ್ಕಾರ. ಪದವಿ ಎರಡನೇ ವರ್ಷದಲ್ಲಿದ್ದೇನೆ, ಜೀವಶಾಸ್ತ್ರ ನನ್ನ ವಿಷಯ. ಒಂದು ಪ್ರಶ್ನೆ ಒಂದು ವಾರದಿಂದ ತಲೆ ಕೊರೆಯುತ್ತಿದೆ.

ಡಿಎನ್‌ಎ ನಕಲಾಗುವಾಗ ಹಳೆಯ ಎರಡು ಎಳೆ ಬಿಚ್ಚಿಕೊಳ್ಳುತ್ತವೆ. ಒಂದೊಂದರ ಎದುರಿಗೂ ಒಂದು ಹೊಸ ಎಳೆ ಹುಟ್ಟುತ್ತದೆ. ಹಾಗಾಗಿ ಪ್ರತಿ ಹೊಸ ಅಣುವಿನಲ್ಲೂ ಒಂದು ಹಳೆ ಎಳೆ, ಒಂದು ಹೊಸ ಎಳೆ. ಇದು ಬಾಯಿಪಾಠ ಆಗಿದೆ. ಇದಕ್ಕೆ ಸಾಕ್ಷಿ ಮೆಸೆಲ್ಸನ್ ಮತ್ತು ಸ್ಟಾಲ್ ಅವರ ಪ್ರಯೋಗ ಅಂತಲೂ ಗೊತ್ತು. ಆದರೆ ಕ್ಲಾಸಿನಲ್ಲಿ ಹೇಳಿದ್ದು ಇಷ್ಟೇ: ಬ್ಯಾಕ್ಟೀರಿಯಾವನ್ನು ಭಾರದ ನೈಟ್ರೋಜನ್‌ನಲ್ಲಿ ಬೆಳೆಸಿದರು, ಆಮೇಲೆ ಹಗುರ ನೈಟ್ರೋಜನ್‌ಗೆ ಹಾಕಿದರು, ಒಂದು ಪೀಳಿಗೆ ಕಳೆದ ಮೇಲೆ ನೋಡಿದರೆ ಡಿಎನ್‌ಎ ಪಟ್ಟಿ ನಡುವೆ ಬಂದಿತ್ತು, ಸಾಬೀತಾಯಿತು.

ನನಗೆ ಇದು ಸಾಬೀತು ಅನ್ನಿಸುತ್ತಿಲ್ಲ. ಹಳೆಯ ಡಿಎನ್‌ಎ ಚೂರು ಚೂರಾಗಿ, ಹಳೆ ಚೂರು ಹೊಸ ಚೂರು ಬೆರೆತು ಎರಡು ಅಣುಗಳಾದರೂ ಪಟ್ಟಿ ನಡುವೆಯೇ ಬರಬೇಕಲ್ವಾ? ಕೇಳಿದೆ. "ಪರೀಕ್ಷೆಗೆ ಇಷ್ಟು ಸಾಕು" ಅಂದರು. ನನಗೆ ಸಾಲದು. ಯಾರಾದರೂ ಬಿಡಿಸಿ ಹೇಳುತ್ತೀರಾ?

ನಿವೃತ್ತ ಮೇಷ್ಟ್ರು:
ನಿನ್ನ ಸಂದೇಹ ನೂರಕ್ಕೆ ನೂರು ಸರಿ, ಮಗಳೇ. ಒಂದು ಪೀಳಿಗೆಯ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಏನೂ ತೀರ್ಮಾನ ಮಾಡಲಾಗದು. ಮೆಸೆಲ್ಸನ್ ಮತ್ತು ಸ್ಟಾಲ್ ಅಲ್ಲಿಗೆ ನಿಲ್ಲಿಸಲೂ ಇಲ್ಲ. ನಿಲ್ಲಿಸಿಬಿಡುವುದು ಪಾಠ ಮಾಡುವವರು. ಎಷ್ಟೋ ವರ್ಷ ಇದನ್ನು ಪಾಠ ಮಾಡಿದ್ದೇನೆ. ಎರಡನೇ ಪೀಳಿಗೆಯ ಮಾತು ಬಿಟ್ಟರೆ ಈ ಪ್ರಯೋಗವನ್ನು ಹೇಳಿದ ಹಾಗೇ ಅಲ್ಲ.

ಮೊದಲು ಹಿನ್ನೆಲೆ ಹೇಳುತ್ತೇನೆ. 1953ರ ಏಪ್ರಿಲ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಎರಡೆಳೆಯ ಸುರುಳಿಯನ್ನು ಪ್ರಕಟಿಸಿದರು. ಅದರ ಹಿಂದೆ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಕೆಲಸ ಇತ್ತು. ಡಿಎನ್‌ಎಯ ಅಕ್ಷರಗಳಾದ ಎ, ಟಿ, ಜಿ, ಸಿ (ಬೇಸ್ ಅನ್ನುವುದು ಇವನ್ನೇ) ಪೈಕಿ ಎ ಎಷ್ಟಿದೆಯೋ ಟಿ ಅಷ್ಟೇ, ಜಿ ಎಷ್ಟಿದೆಯೋ ಸಿ ಅಷ್ಟೇ ಅಂತ ಚಾರ್ಗಾಫ್ ಅಳೆದು ತೋರಿಸಿದ್ದ ಲೆಕ್ಕವೂ ಇತ್ತು. ಎ ಎದುರು ಟಿ, ಜಿ ಎದುರು ಸಿ ಮಾತ್ರ ಕೂರುತ್ತದೆ ಅಂದಮೇಲೆ, ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ಕಣ್ಣುಮುಚ್ಚಿ ಬರೆಯಬಹುದು. ಮೇ ತಿಂಗಳ ಎರಡನೇ ಲೇಖನದಲ್ಲಿ ಅವರು ನಕಲಾಗುವ ಬಗೆಯನ್ನು ಬಿಡಿಸಿಯೇ ಬರೆದರು. ಆದರೆ ಅದು ಊಹೆ. ರಚನೆ ನೋಡಲು ಚೆನ್ನಾಗಿದೆ ಅಂದಮಾತ್ರಕ್ಕೆ ಜೀವಕೋಶ ಹಾಗೇ ನಡೆದುಕೊಳ್ಳಬೇಕು ಅಂತೇನಿಲ್ಲ.

ತಕರಾರು ತೆಗೆದವರು ವಿಜ್ಞಾನಿ ಮ್ಯಾಕ್ಸ್ ಡೆಲ್‌ಬ್ರಕ್. ಆ ಎರಡು ಎಳೆ ಸುಮ್ಮನೆ ಅಕ್ಕಪಕ್ಕ ಮಲಗಿಲ್ಲ, ಒಂದರ ಸುತ್ತ ಒಂದು ಹೊಸೆದುಕೊಂಡಿವೆ. ಸುಮಾರು ಹತ್ತು ಜೋಡಿ ಬೇಸ್‌ಗೆ ಒಂದು ಸುತ್ತು. ಇಷ್ಟುದ್ದದ ಅಣುವಿನಲ್ಲಿ ಲಕ್ಷಗಟ್ಟಲೆ ಸುತ್ತು. ಅದನ್ನೆಲ್ಲ ಬಿಚ್ಚುವುದು ಹೇಗೆ? 1954ರಲ್ಲಿ ಅವರು ಬೇರೆ ದಾರಿ ಸೂಚಿಸಿದರು. ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿ, ಹಳೆಯ ತುಂಡಿಗೆ ಹೊಸ ತುಂಡು ಜೋಡಿಸುತ್ತಾ ಹೋದರೆ ಅಷ್ಟೊಂದು ಬಿಚ್ಚುವ ಕೆಲಸವೇ ಇರುವುದಿಲ್ಲ. ನೀನು ಕೇಳಿದ ಚೂರುಗಳ ದಾರಿ ಅದೇ. ಮೂರನೆಯ ಸಾಧ್ಯತೆ ಅಂದರೆ, ಹಳೆಯ ಜೋಡಿ ಹಾಗೇ ಉಳಿದು ಪೂರಾ ಹೊಸ ಜೋಡಿ ಬೇರೆಯಾಗಿ ಹುಟ್ಟುವುದು. ಡೆಲ್‌ಬ್ರಕ್ ಮತ್ತು ಗುಂಟರ್ ಸ್ಟೆಂಟ್ 1957ರಲ್ಲಿ ಮೂರಕ್ಕೂ ಹೆಸರಿಟ್ಟರು. ಹಳೆ ಜೋಡಿ ಉಳಿದರೆ ಸಂರಕ್ಷಕ, ಒಂದು ಎಳೆ ಉಳಿದರೆ ಅರೆಸಂರಕ್ಷಕ, ಚೂರಾದರೆ ಚದುರಿಕೆ.

ಪ್ರಯೋಗದ ಒಳವಿವರವನ್ನು ಲ್ಯಾಬಿನಲ್ಲಿ ಕೈಯಾಡಿಸಿದವರು ಹೇಳಿದರೆ ಚೆನ್ನ.

ಲ್ಯಾಬ್ ಕೋಟು:
ಮೇಷ್ಟ್ರು ಬಿಟ್ಟಲ್ಲಿಂದ ನಾನು ಹೇಳುತ್ತೇನೆ. ನನಗೆ ತುಂಬಾ ಇಷ್ಟದ ಪ್ರಯೋಗ ಇದು, ಸ್ವಲ್ಪ ಉದ್ದ ಆಗುತ್ತದೆ.

ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಭೇಟಿಯಾಗಿದ್ದು 1954ರ ಬೇಸಿಗೆಯಲ್ಲಿ, ಅಮೆರಿಕದ ವುಡ್ಸ್ ಹೋಲ್‌ನಲ್ಲಿ. ಇಬ್ಬರೂ ಆಗ ಎಳೆಯರು. ಹಳೆಯ ಡಿಎನ್‌ಎಗೂ ಹೊಸ ಡಿಎನ್‌ಎಗೂ ತೂಕದಲ್ಲಿ ವ್ಯತ್ಯಾಸ ಮಾಡಿಬಿಟ್ಟರೆ ಯಾವುದು ಎಲ್ಲಿ ಹೋಯಿತು ಅಂತ ಪತ್ತೆ ಹಚ್ಚಬಹುದು ಅನ್ನುವುದು ಅವರ ಯೋಚನೆ. ಮೊದಲು ಬ್ಯಾಕ್ಟೀರಿಯಾ ವೈರಸ್‌ನಲ್ಲಿ ಬ್ರೋಮೋಯುರಾಸಿಲ್ ಬಳಸಿ ನೋಡಿದರು. ಅದು ಥೈಮಿನ್, ಅಂದರೆ ಟಿ ಜಾಗದಲ್ಲಿ ಕೂರುವ, ತೂಕ ಜಾಸ್ತಿ ಇರುವ ವಸ್ತು. ಆ ದಾರಿ ಬಿಟ್ಟು ಕೊನೆಗೆ ಇ. ಕೊಲೈ ಬ್ಯಾಕ್ಟೀರಿಯಾ ಮತ್ತು ನೈಟ್ರೋಜನ್‌ಗೆ ಬಂದರು. ಕ್ಯಾಲ್‌ಟೆಕ್‌ನಲ್ಲಿ ಕೆಲಸ ನಡೆಯಿತು, 1958ರಲ್ಲಿ ಪ್ರಕಟವಾಯಿತು.

ಸಾಮಾನ್ಯ ನೈಟ್ರೋಜನ್ ಅಂದರೆ 14. ನೈಟ್ರೋಜನ್-15ರಲ್ಲಿ ಒಂದು ನ್ಯೂಟ್ರಾನ್ ಜಾಸ್ತಿ, ಅಷ್ಟೇ. ವಿಕಿರಣ ಇಲ್ಲ. ರಾಸಾಯನಿಕ ಗುಣ ಹೆಚ್ಚುಕಮ್ಮಿ ಅದೇ. ಬ್ಯಾಕ್ಟೀರಿಯಾ ಅದನ್ನು ತಿಂದು ಎಂದಿನಂತೆ ಬೆಳೆಯುತ್ತದೆ. ಅದರಲ್ಲೇ 14 ಪೀಳಿಗೆ ಬೆಳೆಸಿದರು. ಯಾಕೆ ಅಷ್ಟು? ಪ್ರತಿ ಪೀಳಿಗೆಗೂ ಮೊದಲಿನ ಹಗುರ ನೈಟ್ರೋಜನ್‌ನ ಪಾಲು ಅರ್ಧ ಆಗುತ್ತದೆ. 14 ಸಲ ಅರ್ಧ ಮಾಡಿದರೆ 16,384ರಲ್ಲಿ ಒಂದು ಪಾಲು. ಅಂದರೆ ಡಿಎನ್‌ಎ ಪೂರ್ತಿ ಭಾರದ್ದೇ ಅಂತ ಧೈರ್ಯವಾಗಿ ಹೇಳಬಹುದು.

ಈಗ ಕಷ್ಟದ ಭಾಗ. ಡಿಎನ್‌ಎಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 1.71 ಗ್ರಾಂ. ಭಾರದ್ದಕ್ಕೂ ಹಗುರದ್ದಕ್ಕೂ ಇರುವ ವ್ಯತ್ಯಾಸ 0.014 ಗ್ರಾಂ. ನೂರಕ್ಕೆ ಒಂದು ಪಾಲೂ ಇಲ್ಲ! ಇದನ್ನು ಬೇರ್ಪಡಿಸುವ ಉಪಾಯವನ್ನೇ ಅವರು ಹೊಸದಾಗಿ ಕಟ್ಟಬೇಕಾಯಿತು, ಜೆರೋಮ್ ವಿನೋಗ್ರಾಡ್ ಜೊತೆ ಸೇರಿ. ಸೀಸಿಯಂ ಕ್ಲೋರೈಡ್ ಅನ್ನುವ ಭಾರದ ಉಪ್ಪಿನ ಗಟ್ಟಿ ದ್ರಾವಣಕ್ಕೆ ಡಿಎನ್‌ಎ ಸೇರಿಸಿ, ನಿಮಿಷಕ್ಕೆ 44,770 ಸುತ್ತಿನಂತೆ 20 ಗಂಟೆ ತಿರುಗಿಸಿದರು. ಆ ವೇಗದಲ್ಲಿ ಉಪ್ಪೇ ಹೊರತುದಿಗೆ ದಟ್ಟವಾಗಿ, ಒಳತುದಿಗೆ ತೆಳುವಾಗಿ ಹರಡಿಕೊಳ್ಳುತ್ತದೆ. ಡಿಎನ್‌ಎ ತನ್ನ ಸಾಂದ್ರತೆಗೆ ಸರಿಯಾದ ಜಾಗ ಹುಡುಕಿಕೊಂಡು ಅಲ್ಲಿ ನಿಲ್ಲುತ್ತದೆ. ಆ ಜಾಗದಿಂದ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ. ಅಲ್ಟ್ರಾವೈಲೆಟ್ ಬೆಳಕನ್ನು ಡಿಎನ್‌ಎ ಹೀರಿಕೊಳ್ಳುತ್ತದೆ. ಹಾಗಾಗಿ ಯಂತ್ರ ತಿರುಗುತ್ತಿರುವಾಗಲೇ ಆ ಬೆಳಕಿನಲ್ಲಿ ಫೋಟೊ ತೆಗೆದರೆ ಡಿಎನ್‌ಎ ಇರುವಲ್ಲಿ ಕಪ್ಪು ಗೆರೆ ಮೂಡುತ್ತದೆ.

ಆ ಫೋಟೊಗಳನ್ನು ಒಂದರ ಕೆಳಗೆ ಒಂದು ಜೋಡಿಸಿದ ಚಿತ್ರ ಸಿಕ್ಕರೆ ದಯವಿಟ್ಟು ನಿಧಾನವಾಗಿ ನೋಡಿ. ಬೂದು ಬಣ್ಣದ ಉದ್ದ ಪಟ್ಟಿಗಳು. ಬಲಗಡೆ ಭಾರ, ಎಡಗಡೆ ಹಗುರ. ಶುರುವಿನಲ್ಲಿ ಬಲಗಡೆ ಒಂದೇ ಗೆರೆ. 0.3 ಪೀಳಿಗೆಯಲ್ಲಿ ಆ ಗೆರೆ ಇನ್ನೂ ಇದೆ, ಅದರ ಎಡಕ್ಕೆ ಮಸುಕಾಗಿ ಇನ್ನೊಂದು ಬಂದಿದೆ. ಇವೆರಡರ ನಡುವಿನ ಜಾಗ ಖಾಲಿ. 1.0ಕ್ಕೆ ಬಂದಾಗ ಹೆಚ್ಚುಕಮ್ಮಿ ಎಲ್ಲವೂ ಆ ನಡುಗೆರೆಯಲ್ಲೇ. 1.9ರಲ್ಲಿ ನಡುಗೆರೆ ಒಂದು, ಹಗುರದ ಗೆರೆ ಒಂದು, ಎರಡೂ ಸರಿಸುಮಾರು ಸಮ. 3.0, 4.1 ಪೀಳಿಗೆಗೆ ಹೋದರೆ ಹಗುರದ ಗೆರೆ ದಪ್ಪವಾಗುತ್ತಾ ಹೋಗುತ್ತದೆ, ನಡುಗೆರೆ ತೆಳುವಾಗುತ್ತದೆ. ಆದರೆ ನಡುಗೆರೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಆ ಕದಲದಿರುವಿಕೆಯಲ್ಲಿದೆ. ಚೂರುಗಳು ಬೆರೆಯುವುದೇ ನಿಜವಾಗಿದ್ದರೆ, ಎರಡನೇ ಪೀಳಿಗೆಯಲ್ಲಿ ಎಲ್ಲ ಡಿಎನ್‌ಎಯೂ ಕಾಲು ಭಾಗ ಭಾರ, ಮುಕ್ಕಾಲು ಭಾಗ ಹಗುರ ಆಗಬೇಕಿತ್ತು. ಗೆರೆ ಒಂದೇ ಇರುತ್ತಿತ್ತು, ಮತ್ತು ಪ್ರತಿ ಪೀಳಿಗೆಗೂ ಎಡಕ್ಕೆ ಜರುಗುತ್ತಾ ಹೋಗುತ್ತಿತ್ತು. ಹಾಗೆ ಆಗಲಿಲ್ಲ. ಇನ್ನು ಹಳೆ ಜೋಡಿ ಹಾಗೇ ಉಳಿಯುವ ದಾರಿ ಮೊದಲ ಪೀಳಿಗೆಯಲ್ಲೇ ಬಿದ್ದುಹೋಗುತ್ತದೆ. ಅದಾಗಿದ್ದರೆ ಬಲಗಡೆಯ ಗೆರೆ ಮಾಯವಾಗಲೇಬಾರದು.

ಓದುವ ಹುಡುಗಿ:
ಅಕ್ಕಾ, ತುಂಬಾ ಥ್ಯಾಂಕ್ಸ್. ಈಗಷ್ಟೇ ಹಾಳೆಯ ಮೇಲೆ ಮೂರು ದಾರಿಗೂ 0ರಿಂದ 4ರವರೆಗೆ ಗೆರೆ ಹಾಕಿ ನೋಡಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೂರೂ ಬೇರೆ ಬೇರೆ ಆಗಿಬಿಟ್ಟವು. ಇದನ್ನು ಒಂದು ಸಲ ಕೈಯಾರೆ ಬರೆದಿದ್ದರೆ ವಾರದಿಂದ ಒದ್ದಾಡುವುದು ತಪ್ಪುತ್ತಿತ್ತು.

ಆದರೆ ಬರೆಯುತ್ತಾ ಇನ್ನೊಂದು ಹೊಳೆಯಿತು. ನಡುಗೆರೆಯ ಅಣುವಿನಲ್ಲಿ ಅರ್ಧ ಭಾರ, ಅರ್ಧ ಹಗುರ. ಸರಿ. ಆ ಎರಡು ಅರ್ಧಗಳು ಅಕ್ಕಪಕ್ಕ ಇವೆ ಅಂತ ಯಾರು ಹೇಳಿದ್ದು? ಹಗ್ಗಕ್ಕೆ ಹಗ್ಗ ಕಟ್ಟಿದ ಹಾಗೆ ತುದಿಗೆ ತುದಿ ಸೇರಿಕೊಂಡಿದ್ದರೂ ತೂಕ ಅಷ್ಟೇ ತಾನೇ?

ಲ್ಯಾಬ್ ಕೋಟು:
ಎಂಥ ಒಳ್ಳೆಯ ಪ್ರಶ್ನೆ! ಅದೇ ಲೇಖನದಲ್ಲಿ ಇನ್ನೊಂದು ಹೆಜ್ಜೆ ಇದೆ, ಅದನ್ನು ಯಾರೂ ಹೇಳುವುದೇ ಇಲ್ಲ. ನಡುಗೆರೆಯ ಡಿಎನ್‌ಎಯನ್ನು 100 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದರು. ಬಿಸಿಗೆ ಎರಡು ಎಳೆಗಳ ನಡುವಿನ ಹೈಡ್ರೋಜನ್ ಬಂಧ ಬಿಟ್ಟುಹೋಗುತ್ತದೆ. ಎಳೆಯ ಉದ್ದಕ್ಕೆ ಇರುವ ಬಂಧ ಗಟ್ಟಿ, ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮತ್ತೆ ತಿರುಗಿಸಿ ನೋಡಿದರೆ ಒಂದು ಗೆರೆ ಇದ್ದದ್ದು ಎರಡಾಗಿತ್ತು. ಒಂದು ಗೆರೆ, ಪೂರ್ತಿ ಭಾರದ ಡಿಎನ್‌ಎಯನ್ನು ಕಾಯಿಸಿದರೆ ಎಲ್ಲಿ ಬರುತ್ತದೋ ಅಲ್ಲಿ. ಇನ್ನೊಂದು, ಪೂರ್ತಿ ಹಗುರದ್ದನ್ನು ಕಾಯಿಸಿದರೆ ಎಲ್ಲಿ ಬರುತ್ತದೋ ಅಲ್ಲಿ. ತುದಿಗೆ ತುದಿ ಸೇರಿದ್ದರೆ, ಅಥವಾ ಚೂರುಗಳು ಬೆರೆತಿದ್ದರೆ, ಕಾಯಿಸಿದ ಮೇಲೂ ಪ್ರತಿ ಎಳೆ ಬೆರಕೆಯಾಗಿಯೇ ಇರುತ್ತಿತ್ತು.

ಆ ಲೇಖನದ ಎಚ್ಚರಿಕೆ ನನಗೆ ತುಂಬಾ ಹಿಡಿಸುತ್ತದೆ. ಬೇರೆಯಾದ ಆ ಎರಡು ಭಾಗಗಳನ್ನು ಅವರು ಎಳೆ ಅಂತ ಕರೆಯಲಿಲ್ಲ, ಉಪಘಟಕ ಅಂದರು. ಪ್ರತಿ ಉಪಘಟಕವೂ ಒಂದೇ ಎಳೆ ಅನ್ನುವುದು ವಾಟ್ಸನ್-ಕ್ರಿಕ್ ಮಾದರಿಗೆ ಸರಿಹೊಂದುತ್ತದೆ, ಆದರೆ ಆ ಪ್ರಯೋಗ ಒಂದರಿಂದಲೇ ಅದು ಪಕ್ಕಾ ಆಗಲಿಲ್ಲ. ಉಪಘಟಕವೇ ಎರಡೆಳೆಯದ್ದು ಇರಬಹುದು ಅಂತ ಲೀಬ್ ಕ್ಯಾವಲಿಯರಿ ವಾದ ಹೂಡಿದರು. ಮುಂದಿನ ವರ್ಷಗಳ ಕೆಲಸದಿಂದ ಅದು ಬಗೆಹರಿಯಿತು.

ಸಂದೇಹಿ:
ಚೆನ್ನಾಗಿ ಹೇಳಿದಿರಿ ಮೇಡಂ. ನನ್ನದೂ ಎರಡು ಮಾತಿದೆ. ಇದು ಬ್ಯಾಕ್ಟೀರಿಯಾ ಕಥೆ. ಗಿಡ, ಪ್ರಾಣಿ, ಮನುಷ್ಯರಲ್ಲೂ ಹೀಗೇ ಅಂತ ಹೇಗೆ ಹೇಳುತ್ತೀರಿ? ಮತ್ತೆ, ಗೆರೆ ನೋಡಿ ಲೆಕ್ಕ ಹಾಕಿದ್ದು ಸರಿ, ಆದರೆ ನಕಲಾಗುತ್ತಿರುವ ಡಿಎನ್‌ಎಯನ್ನು ಕಣ್ಣಾರೆ ಕಂಡವರು ಇದ್ದಾರಾ?

ನಿವೃತ್ತ ಮೇಷ್ಟ್ರು:
ಎರಡಕ್ಕೂ ಉತ್ತರ ಇದೆ ಸರ್. ಮೊದಲನೆಯದು ಮೆಸೆಲ್ಸನ್-ಸ್ಟಾಲ್‌ಗಿಂತ ಒಂದು ವರ್ಷ ಮುಂಚಿನದ್ದು. 1957ರಲ್ಲಿ ಹರ್ಬರ್ಟ್ ಟೇಲರ್, ಫಿಲಿಪ್ ವುಡ್ಸ್, ವಾಲ್ಟರ್ ಹ್ಯೂಸ್ ಅವರು ವಿಸಿಯಾ ಫಾಬಾ ಅನ್ನುವ ಕಾಳಿನ ಗಿಡದ ಬೇರಿನ ತುದಿಯಲ್ಲಿ ಮಾಡಿದ್ದು. ಬೇರಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿಸಿದ ಥೈಮಿಡಿನ್ ಕೊಟ್ಟರು. ಥೈಮಿಡಿನ್ ಡಿಎನ್‌ಎಗೆ ಮಾತ್ರ ಹೋಗುವ ಸಾಮಾನು. ಆಮೇಲೆ ತೊಳೆದು, ವಿಕಿರಣ ಇಲ್ಲದ ದ್ರಾವಣಕ್ಕೆ ಹಾಕಿದರು. ಜೀವಕೋಶವನ್ನು ಅಪ್ಪಚ್ಚಿ ಮಾಡಿ ಮೇಲೆ ಫಿಲ್ಮ್ ಹಾಸಿ ಕತ್ತಲಲ್ಲಿಟ್ಟರೆ, ವಿಕಿರಣ ಇದ್ದ ಕಡೆ ಕಪ್ಪು ಚುಕ್ಕೆಗಳು ಮೂಡುತ್ತವೆ.

ಮೊದಲ ಸಲದ ವಿಭಜನೆಯಲ್ಲಿ ಪ್ರತಿ ವರ್ಣತಂತುವಿನ ಎರಡೂ ತೋಳಿನ ಮೇಲೆ ಚುಕ್ಕೆ. ತೋಳು ಅಂದಿದ್ದು ಜೋಡಿಯಾಗಿ ಅಂಟಿಕೊಂಡಿರುವ ಎರಡು ಪ್ರತಿಗಳಿಗೆ. ಎರಡನೇ ಸಲ ನೋಡಿದರೆ ಒಂದು ಪ್ರತಿಯ ಮೇಲೆ ಚುಕ್ಕೆ, ಇನ್ನೊಂದು ಬರಿದು. ಯಾವ ಕೋಶ ಎಷ್ಟು ಸಲ ನಕಲಾಗಿದೆ ಅಂತ ತಿಳಿಯಲು ಕಾಲ್ಚಿಸಿನ್ ಹಾಕಿದ್ದರು. ಅದು ಕೋಶ ಎರಡಾಗುವುದನ್ನು ತಡೆಯುತ್ತದೆ, ಹಾಗಾಗಿ ವರ್ಣತಂತುಗಳನ್ನು ಎಣಿಸಿದರೆ ಸಾಕು. ಇದು ಇಡೀ ವರ್ಣತಂತುವಿನ ಮಟ್ಟದ ಸಾಕ್ಷಿ, ಅಣುವಿನ ಮಟ್ಟದ್ದಲ್ಲ. ಆದರೂ ಗಿಡದಲ್ಲೂ ಅದೇ ಲೆಕ್ಕ ಕೂಡಿಬಂತು.

ಎರಡನೆಯದು ಜಾನ್ ಕೇರ್ನ್ಸ್ 1963ರಲ್ಲಿ ಪ್ರಕಟಿಸಿದ ಚಿತ್ರ. ಇ. ಕೊಲೈಗೆ ಇದೇ ಟ್ರಿಟಿಯಂ ಥೈಮಿಡಿನ್ ಕೊಟ್ಟು, ಕೋಶವನ್ನು ತುಂಬಾ ಮೆತ್ತಗೆ ಒಡೆದು, ಡಿಎನ್‌ಎ ತುಂಡಾಗದಂತೆ ಹರಡಿ, ಫಿಲ್ಮ್ ಹಾಕಿ ಎರಡು ತಿಂಗಳು ಕಾದರು. ಎರಡು ತಿಂಗಳು! ಕಂಡದ್ದು ಒಂದು ಮಿಲಿಮೀಟರಿಗೂ ತುಸು ಜಾಸ್ತಿ ಉದ್ದದ ಕುಣಿಕೆ. ಅದು ಇದ್ದದ್ದು ಮಿಲಿಮೀಟರಿನ ಐನೂರನೇ ಒಂದು ಪಾಲಿನಷ್ಟು ಉದ್ದದ ಬ್ಯಾಕ್ಟೀರಿಯಾದೊಳಗೆ. ಕೆಲವು ಕುಣಿಕೆಗಳ ಒಂದು ಭಾಗ ಎರಡಾಗಿ ಕವಲೊಡೆದು ಮತ್ತೆ ಕೂಡಿಕೊಂಡಿತ್ತು, ಗ್ರೀಕ್ ಅಕ್ಷರ ಥೀಟಾ ತರಹ. ಅರ್ಧ ನಕಲಾಗಿರುವಾಗಲೇ ಸಿಕ್ಕಿಬಿದ್ದ ಡಿಎನ್‌ಎ ಅದು. ಕೇರ್ನ್ಸ್ ಆಗ ನಕಲು ಒಂದೇ ಕಡೆಗೆ ಸಾಗುತ್ತದೆ ಅಂದುಕೊಂಡಿದ್ದರು. ಎರಡು ಕವಲೂ, ಅಂದರೆ ಎಳೆಗಳು ಬೇರೆಯಾಗುವ ಎರಡು ಜಾಗವೂ, ಸಾಗುತ್ತವೆ ಅಂತ 1970ರ ದಶಕದಲ್ಲಿ ತಿಳಿಯಿತು.

ಕೋಡ್ ಬರೆಯುವವ:
ನಾನು ಜೀವಶಾಸ್ತ್ರದವನಲ್ಲ. ಆದರೆ ಮೇಷ್ಟ್ರು ಹೇಳಿದ ಡೆಲ್‌ಬ್ರಕ್ ತಕರಾರು ಓದಿ ಸುಮ್ನೆ ಕೂರಲು ಆಗಲಿಲ್ಲ. ಕೆಂಪು ದಾರ ಒಂದು, ಬಿಳಿ ದಾರ ಒಂದು ತೆಗೆದುಕೊಂಡು ಬಿಗಿಯಾಗಿ ಹೊಸೆದೆ. ಒಂದು ತುದಿಯನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿದೆ. ಇನ್ನೊಂದು ತುದಿಯಲ್ಲಿ ಎರಡೂ ದಾರ ಹಿಡಿದು ಬೇರೆ ಬೇರೆ ಕಡೆಗೆ ಎಳೆದೆ. ಒಂದು ಗೇಣು ಸಲೀಸಾಗಿ ಬಿಚ್ಚಿತು. ಆಮೇಲೆ ಮುಂದಿನ ಭಾಗ ಬಿಗಿಯುತ್ತಾ ಹೋಗಿ, ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟು ಗಂಟಾಯಿತು. ಇನ್ನು ಎಳೆದರೆ ದಾರವೇ ಕಿತ್ತುಬರುತ್ತದೆ.

ಬ್ಯಾಕ್ಟೀರಿಯಾದ ಡಿಎನ್‌ಎ ಕುಣಿಕೆ ಅಂದಮೇಲೆ ಅದಕ್ಕೆ ಬಿಡಿ ತುದಿಯೇ ಇಲ್ಲ. ಹಾಗಿದ್ದರೆ ಡೆಲ್‌ಬ್ರಕ್ ಹೇಳಿದ್ದು ಸರಿಯೇ ಅಲ್ವಾ? ಇದು ಬಿಚ್ಚುವುದಾದರೂ ಹೇಗೆ?

ಲ್ಯಾಬ್ ಕೋಟು:
ನಿಮ್ಮ ದಾರದಲ್ಲಿ ಆದದ್ದೇ ಡಿಎನ್‌ಎಯಲ್ಲೂ ಆಗುತ್ತದೆ. ಇ. ಕೊಲೈಯಲ್ಲಿ 46 ಲಕ್ಷ ಜೋಡಿ ಬೇಸ್. ಅಂದರೆ ನಾಲ್ಕು ಲಕ್ಷಕ್ಕೂ ಜಾಸ್ತಿ ಸುತ್ತು. ಒಂದೊಂದು ಕವಲೂ ಸೆಕೆಂಡಿಗೆ ಸುಮಾರು 1,000 ಬೇಸ್ ಸಾಗುತ್ತದೆ. ಎರಡು ಕವಲು ಸೇರಿ ಸುಮಾರು 40 ನಿಮಿಷಕ್ಕೆ ಕೆಲಸ ಮುಗಿಸುತ್ತವೆ. ಸಾವಿರವನ್ನು ಒಂದು ಸುತ್ತಿನ 10.5ರಿಂದ ಭಾಗಿಸಿ ನೋಡಿ. ಪ್ರತಿ ಕವಲಿನ ಮುಂದೆ ಸೆಕೆಂಡಿಗೆ 95 ಸುತ್ತು ಬಿಚ್ಚಬೇಕು.

ಎಳೆಗಳನ್ನು ಬಿಡಿಸುವುದು ಹೆಲಿಕೇಸ್ ಅನ್ನುವ ಕಿಣ್ವ. ಮುಂದೆ ಬಿಗಿಯುವ ಸುತ್ತನ್ನು ಸಡಿಲ ಮಾಡುವುದು ಟೊಪೊಐಸೊಮರೇಸ್. ಅದು ಎಳೆಯನ್ನು ಕತ್ತರಿಸುತ್ತದೆ, ಸುತ್ತು ಬಿಟ್ಟುಕೊಳ್ಳಲು ಜಾಗ ಕೊಡುತ್ತದೆ, ಅದೇ ತುದಿಗಳನ್ನು ಮತ್ತೆ ಬೆಸೆಯುತ್ತದೆ. ಇಂಥದ್ದೊಂದು ಕಿಣ್ವ ಇದೆ ಅಂತ ಜೇಮ್ಸ್ ವಾಂಗ್ 1971ರಲ್ಲಿ ತೋರಿಸಿದರು. ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಈ ಗುಂಪಿನ ಗೈರೇಸ್ ಕಿಣ್ವವನ್ನು ಹಿಡಿದು ನಿಲ್ಲಿಸಿ. ಕತ್ತರಿಸಿದ್ದು ಬೆಸೆಯದೇ ಹಾಗೇ ಉಳಿದುಬಿಡುತ್ತದೆ.

ಹಾಗಾಗಿ ಡೆಲ್‌ಬ್ರಕ್ ಸೋತರು ಅಂತ ನಾನು ಹೇಳುವುದಿಲ್ಲ. ಕತ್ತರಿ ಬೇಕೇ ಬೇಕು ಅಂತ ಅವರು ಹೇಳಿದ್ದು ನಿಜವಾಯಿತು. ಕತ್ತರಿಸಿದ ಮೇಲೆ ಹಳೆಯದಕ್ಕೆ ಹೊಸದನ್ನು ಅಂಟಿಸುವುದಿಲ್ಲ, ಹಳೆಯದಕ್ಕೆ ಹಳೆಯದನ್ನೇ ಅಂಟಿಸುತ್ತದೆ. ವ್ಯತ್ಯಾಸ ಅಷ್ಟೇ.

ಸಂದೇಹಿ:
ಬರೆಯುವ ಕಿಣ್ವ ಪಾಲಿಮರೇಸ್. ಅದನ್ನು ಆರ್ಥರ್ ಕಾರ್ನ್‌ಬರ್ಗ್ 1956ರಲ್ಲಿ ಕಂಡುಹಿಡಿದು 1959ರಲ್ಲಿ ನೊಬೆಲ್ ಪಡೆದರು. ಅಲ್ಲಿಗೆ ಕಥೆ ಮುಗಿಯಿತಲ್ವಾ?

ನಿವೃತ್ತ ಮೇಷ್ಟ್ರು:
ಇಲ್ಲ ಸರ್, ಅಲ್ಲೇ ಒಂದು ತಿರುವು ಇದೆ. 1969ರಲ್ಲಿ ಪೌಲಾ ಡಿ ಲೂಸಿಯಾ ಮತ್ತು ಕೇರ್ನ್ಸ್ ಒಂದು ಇ. ಕೊಲೈ ತಳಿ ಹುಡುಕಿದರು. ಅದರಲ್ಲಿ ಕಾರ್ನ್‌ಬರ್ಗ್ ಕಿಣ್ವದ ಚಟುವಟಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯಿತು. ಅಲ್ಟ್ರಾವೈಲೆಟ್ ಬೆಳಕು ಬಿದ್ದರೆ ಮಾತ್ರ ಬೇಗ ಸಾಯುತ್ತಿತ್ತು. ಅಂದರೆ ಆ ಕಿಣ್ವದ ದೊಡ್ಡ ಕೆಲಸ ರಿಪೇರಿ. ಇಡೀ ಡಿಎನ್‌ಎ ಬರೆಯುವ ಪಾಲಿಮರೇಸ್ 3 ಆಮೇಲೆ ಸಿಕ್ಕಿತು, ಕಂಡುಹಿಡಿದವರು ಕಾರ್ನ್‌ಬರ್ಗ್ ಅವರ ಮಗ ಥಾಮಸ್.

ಓದುವ ಹುಡುಗಿ:
ಎಳೆಯ ಎರಡು ತುದಿಗೆ 5, 3 ಅಂತ ಹೆಸರು. ಪಾಲಿಮರೇಸ್ 5ರಿಂದ 3ರ ಕಡೆಗೆ ಮಾತ್ರ ಬರೆಯುತ್ತದೆ ಅಂತ ಓದಿದ್ದೇನೆ. ಆದರೆ ಎರಡು ಎಳೆ ಎದುರುಬದುರು ದಿಕ್ಕಿನಲ್ಲಿವೆ, ಕವಲು ಒಂದೇ ಕಡೆ ಸಾಗುತ್ತದೆ. ಒಕಜಾಕಿ ತುಣುಕು ಅಂತ ಉತ್ತರ ಬರೆದು ಅಂಕ ತೆಗೆದುಕೊಂಡಿದ್ದೇನೆ. ಅದಕ್ಕೆ ಸಾಕ್ಷಿ ಏನು?

ಲ್ಯಾಬ್ ಕೋಟು:
ರೇಜಿ ಒಕಜಾಕಿ ಮತ್ತು ಅವರ ಹೆಂಡತಿ ತ್ಸುನೆಕೊ ಒಕಜಾಕಿ, ಜಪಾನಿನ ನಗೋಯಾದಲ್ಲಿ. ಮುಖ್ಯ ಲೇಖನ 1968ರದ್ದು. ಅವರ ಉಪಾಯ ಸಮಯದ್ದು. ಬ್ಯಾಕ್ಟೀರಿಯಾ ಸೆಕೆಂಡಿಗೆ ಸಾವಿರ ಬೇಸ್ ಬರೆಯುತ್ತಿದ್ದರೆ ಯಾವುದನ್ನೂ ಹಿಡಿಯಲಾಗುವುದಿಲ್ಲ. ಅದಕ್ಕೆ 20 ಡಿಗ್ರಿಗೆ ತಣಿಸಿದರು, ವೇಗ ಇಳಿಯಿತು. ಆಗ ಕೆಲವೇ ಸೆಕೆಂಡ್ ಟ್ರಿಟಿಯಂ ಥೈಮಿಡಿನ್ ಕೊಟ್ಟು ತಕ್ಷಣ ನಿಲ್ಲಿಸಿದರು. ಕ್ಷಾರ ಹಾಕಿ ಎಳೆಗಳನ್ನು ಬಿಡಿಸಿ ಉದ್ದ ನೋಡಿದರೆ, ಹೊಸದಾಗಿ ಬರೆದ ಡಿಎನ್‌ಎಯ ಬಹುಪಾಲು 1,000ದಿಂದ 2,000 ಬೇಸ್ ಉದ್ದದ ಗಿಡ್ಡ ತುಂಡುಗಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಗುರುತು ಉದ್ದ ಎಳೆಗಳಲ್ಲಿತ್ತು. ಮೊದಲು ತುಂಡು, ಆಮೇಲೆ ಜೋಡಣೆ.

ಜೋಡಿಸುವುದು ಲೈಗೇಸ್, ಅದು ಹಿಂದಿನ ವರ್ಷವಷ್ಟೇ, 1967ರಲ್ಲಿ ಸಿಕ್ಕಿತ್ತು. ಲೈಗೇಸ್ ಕೆಟ್ಟಿರುವ ತಳಿಯಲ್ಲಿ ಆ ತುಂಡುಗಳು ಜೋಡಣೆಯಾಗದೇ ರಾಶಿ ಬೀಳುತ್ತವೆ. ನನಗೆ ಇದು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಬೆಸೆಯುವವನನ್ನು ತೆಗೆದರೆ ಬೆಸೆಯದ ತುಂಡು ಸಿಗಲೇಬೇಕು, ಸಿಕ್ಕಿತು.

ರೇಜಿ ಒಕಜಾಕಿ ಹುಟ್ಟಿದ್ದು ಹಿರೋಶಿಮಾದಲ್ಲಿ. 1975ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು, ಆಗ ವಯಸ್ಸು 44. ಕೆಲಸವನ್ನು ತ್ಸುನೆಕೊ ಮುಂದುವರಿಸಿದರು. ತುಣುಕಿನ ಹೆಸರು ಬರೆಯುವಾಗ ಇಬ್ಬರನ್ನೂ ನೆನೆಸಿಕೊ.

ಕೋಡ್ ಬರೆಯುವವ:
ಮೇಡಂ, ಹೀಗೆ ತುಂಡು ಬರೆದು ಜೋಡಿಸುವ ಬದಲು ಇನ್ನೊಂದು ದಿಕ್ಕಿಗೆ ಬರೆಯುವ ಪಾಲಿಮರೇಸ್ ಇದ್ದಿದ್ದರೆ ಸುಲಭ ಆಗುತ್ತಿರಲಿಲ್ವಾ? ಮತ್ತೆ ತಪ್ಪು ಎಷ್ಟು ಬೀಳುತ್ತದೆ? ನಮ್ಮ ಕೆಲಸದಲ್ಲಿ ನಕಲು ಅಂದರೆ ಮೊದಲ ಪ್ರಶ್ನೆ ಅದೇ.

ಲ್ಯಾಬ್ ಕೋಟು:
ನಿಮ್ಮ ಎರಡು ಪ್ರಶ್ನೆಗೂ ಒಂದೇ ಕಡೆ ಉತ್ತರ ಇದೆ. ಪಾಲಿಮರೇಸ್ ಒಂದು ಅಕ್ಷರ ಸೇರಿಸಲು ಬೇಕಾದ ಶಕ್ತಿಯನ್ನು ಹೊಸ ಅಕ್ಷರವೇ ಹೊತ್ತು ತರುತ್ತದೆ, ಮೂರು ಫಾಸ್ಫೇಟ್ ಬಾಲದ ರೂಪದಲ್ಲಿ. ತಪ್ಪು ಅಕ್ಷರ ಕೂತರೆ ಪಾಲಿಮರೇಸ್ ಒಂದು ಹೆಜ್ಜೆ ಹಿಂದೆ ಬಂದು ಅದನ್ನು ಕಿತ್ತುಹಾಕುತ್ತದೆ. ಮುಂದಿನ ಅಕ್ಷರ ತನ್ನ ಶಕ್ತಿಯೊಂದಿಗೆ ಬರುತ್ತದೆ, ಬರವಣಿಗೆ ಮುಂದುವರಿಯುತ್ತದೆ. ತಿರುಗಾಮುರುಗಾ ದಿಕ್ಕಿನಲ್ಲಿ ಬರೆಯುವುದಾದರೆ ಆ ಶಕ್ತಿ ಬೆಳೆಯುವ ಎಳೆಯ ತುದಿಯಲ್ಲಿ ಇರಬೇಕಾಗುತ್ತದೆ. ತಪ್ಪು ಅಕ್ಷರ ಕಿತ್ತರೆ ಶಕ್ತಿಯೂ ಅದರ ಜೊತೆ ಹೋಗುತ್ತದೆ, ಕೆಲಸ ಅಲ್ಲೇ ನಿಲ್ಲುತ್ತದೆ. ತಿದ್ದುವ ಸೌಕರ್ಯ ಬೇಕು ಅಂದರೆ ಈ ಒಂದು ದಿಕ್ಕೇ ಒಗ್ಗುತ್ತದೆ ಅಂತ ವಿವರಿಸುತ್ತಾರೆ.

ಈಗ ಲೆಕ್ಕ. ಜೋಡಿ ಹೊಂದಿಸುವುದರಲ್ಲೇ ತಪ್ಪು ಸುಮಾರು ಲಕ್ಷಕ್ಕೆ ಒಂದು. ಕಿತ್ತು ತಿದ್ದುವುದನ್ನು ಸೇರಿಸಿದರೆ ಕೋಟಿಗೆ ಒಂದರ ಆಸುಪಾಸು. ಆಮೇಲೆ ಹಿಂದಿನಿಂದ ಇನ್ನೊಂದು ತಂಡ ಬಂದು ಉಳಿದ ತಪ್ಪು ಜೋಡಿಗಳನ್ನು ಸರಿಮಾಡುತ್ತದೆ. ಅಷ್ಟೂ ಆದಮೇಲೆ ನೂರು ಕೋಟಿಗೆ ಒಂದು, ಅಥವಾ ಅದಕ್ಕಿಂತ ಕಡಿಮೆ. ಮನುಷ್ಯನ ಒಂದು ಕೋಶದಲ್ಲಿ ಸುಮಾರು 640 ಕೋಟಿ ಜೋಡಿ ಬೇಸ್ ಇವೆ. ಪ್ರತಿ ವಿಭಜನೆಗೂ ಬೆರಳೆಣಿಕೆಯಷ್ಟು ತಪ್ಪು.

ಓದುವ ಹುಡುಗಿ:
ಅಕ್ಕಾ, ಒಂದು ನಿಮಿಷ. ಹಿಂದಿನಿಂದ ಬರುವ ತಂಡ ಅಂದಿರಲ್ಲ. ಅದು ಬರುವಾಗ ಎದುರಿಗಿರುವುದು ಒಂದು ತಪ್ಪು ಜೋಡಿ. ಜಿ ಎದುರು ಟಿ ಇದೆ ಅಂತಿಟ್ಟುಕೊಳ್ಳಿ. ಜಿ ತಪ್ಪೋ ಟಿ ತಪ್ಪೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಳೆ ಎಳೆಯನ್ನೇ ತಿದ್ದಿಬಿಟ್ಟರೆ ತಪ್ಪು ಕಾಯಂ ಆಗಿಬಿಡುತ್ತದಲ್ವಾ?

ಲ್ಯಾಬ್ ಕೋಟು:
ನೀನು ಮೊದಲ ದಿನ ಕೇಳಿದ ಪ್ರಶ್ನೆಗೇ ಬಂದು ನಿಂತೆ. ಹಳೆಯದು ಯಾವುದು, ಹೊಸದು ಯಾವುದು?

ಇ. ಕೊಲೈಯಲ್ಲಿ ಜಿಎಟಿಸಿ ಅಂತ ನಾಲ್ಕು ಅಕ್ಷರ ಬಂದಲ್ಲೆಲ್ಲ ಅದರ ಎ ಮೇಲೆ ಒಂದು ಮಿಥೈಲ್ ಗುಂಪು ಕೂರುತ್ತದೆ. ಒಂದು ಸಣ್ಣ ಗುರುತು ಅಂದುಕೋ. ಎಳೆ ಬರೆದ ತಕ್ಷಣ ಅದು ಬೀಳುವುದಿಲ್ಲ, ಗುರುತು ಹಾಕುವ ಕಿಣ್ವ ಸ್ವಲ್ಪ ತಡವಾಗಿ ಬರುತ್ತದೆ. ಹಾಗಾಗಿ ಕವಲು ದಾಟಿಹೋದ ಮೇಲೆ ಕೆಲವು ಹೊತ್ತು ಹಳೆ ಎಳೆಯಲ್ಲಿ ಗುರುತಿರುತ್ತದೆ, ಹೊಸ ಎಳೆಯಲ್ಲಿ ಇರುವುದಿಲ್ಲ. ರಿಪೇರಿ ತಂಡ ಆ ಹೊತ್ತಿನಲ್ಲೇ ಬಂದು, ಗುರುತಿಲ್ಲದ ಎಳೆಯನ್ನು ಕತ್ತರಿಸಿ, ತಪ್ಪಿರುವ ಭಾಗವನ್ನು ತೆಗೆದು ಮತ್ತೆ ಬರೆಸುತ್ತದೆ. ಪಾಲ್ ಮಾಡ್ರಿಚ್ ಅವರಿಗೆ 2015ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಈ ರಿಪೇರಿಯ ಕೆಲಸಕ್ಕೆ. ಗುರುತು ಹಾಕುವ ಕಿಣ್ವವನ್ನೇ ಕೆಡಿಸಿದ ತಳಿಯಲ್ಲಿ ತಪ್ಪುಗಳು ಎದ್ದು ಕಾಣುವಷ್ಟು ಹೆಚ್ಚುತ್ತವೆ.

ನಮ್ಮಲ್ಲಿ ಈ ಗುರುತಿನ ಪದ್ಧತಿ ಇಲ್ಲ. ಹೊಸ ಎಳೆಯಲ್ಲಿ ಇನ್ನೂ ಬೆಸೆಯದೇ ಉಳಿದ ಸೀಳುಗಳು ದಾರಿ ತೋರಿಸುತ್ತವೆ. ಒಕಜಾಕಿ ತುಣುಕುಗಳ ನಡುವಿನ ಸೀಳೂ ಅಂಥದ್ದೇ.

ಓದುವ ಹುಡುಗಿ:
ಹಾಗಾದರೆ ಮೆಸೆಲ್ಸನ್ ಮತ್ತು ಸ್ಟಾಲ್ ನೈಟ್ರೋಜನ್-15 ಹಾಕಿ ಹಳೆ ಎಳೆಯನ್ನು ಗುರುತಿಸಿದ ಹಾಗೇ, ಬ್ಯಾಕ್ಟೀರಿಯಾ ಮಿಥೈಲ್ ಹಾಕಿ ಗುರುತಿಸಿಕೊಳ್ಳುತ್ತಿದೆ. ನನ್ನ ಹಾಳೆಯಲ್ಲಿ ಹಳೆ ಎಳೆಗೆ ಕೆಂಪು, ಹೊಸದಕ್ಕೆ ನೀಲಿ ಬಳಿದಿದ್ದೆ. ಈಗ ಕೆಂಪು ಗೆರೆಯಲ್ಲಿ ಜಿಎಟಿಸಿ ಬರೆದು ಎ ಮೇಲೆ ಚುಕ್ಕಿ ಇಟ್ಟೆ. ನೀಲಿ ಗೆರೆಯಲ್ಲಿ ಚುಕ್ಕಿಯ ಜಾಗ ಖಾಲಿ ಬಿಟ್ಟಿದ್ದೇನೆ.